350ಕ್ಕೆ ವೋರ್ಟೆಕ್ ಹೆಡ್: ಕಡಿಮೆ ದುಡ್ಡಲ್ಲಿ ಎಲ್ಲಿ ಉಜ್ಜಬೇಕು, ಎಲ್ಲಿ ಮುಟ್ಟಬಾರದು?

ಸಿ10_ಸವಾರ

ಗಾಡಿ 1985ರ ಷೆವ್ರೊಲೆ ಸಿ10 ಪಿಕಪ್, ಇಲ್ಲೇ ಟೆಕ್ಸಸ್‌ನಲ್ಲಿ. ಒಳಗಿರೋದು 70ರ ದಶಕದ 350 ಬ್ಲಾಕ್ (350 ಘನ ಇಂಚಿನ ಷೆವ್ರೊಲೆ ವಿ8), ಸಿಲಿಂಡರ್ 30 ಥೌ (ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ) ಅಗಲಿಸಿ ಬೋರ್ ಮಾಡಿದ್ದು. ಪಿಸ್ಟನ್ ತಲೆಯಲ್ಲಿ 12 ಸೀಸಿ ತಗ್ಗು, ಟಾಪ್‌ಗೆ ಬಂದಾಗ ಡೆಕ್‌ಗಿಂತ (ಬ್ಲಾಕ್‌ನ ಮೇಲ್ಮೈ) 25 ಥೌ ಕೆಳಗೆ ನಿಲ್ಲುತ್ತೆ. ಈಗಿರೋ ಹೆಡ್ (ಸಿಲಿಂಡರ್ ಮೇಲೆ ಕೂತು ವಾಲ್ವ್ ಹಿಡಿಯೋ ಭಾಗ) 882 ಕಾಸ್ಟಿಂಗ್, ಅಂದ್ರೆ ಎರಕದ ನಂಬರ್ 882ರಲ್ಲಿ ಮುಗಿಯುತ್ತೆ, ಉರಿಯೋ ಚೇಂಬರ್ 76 ಸೀಸಿ. ಗುಜರಿಯಲ್ಲಿ 1997ರ ಪಿಕಪ್‌ನಿಂದ ಬಿಚ್ಚಿದ 906 ವೋರ್ಟೆಕ್ (ಜಿಎಂನ 90ರ ದಶಕದ ಹೆಡ್) ಜೋಡಿ ಸಿಗ್ತಿದೆ.

ಕ್ಯಾಮ್ (ವಾಲ್ವ್ ತೆರೆಸೋ ದಂಡ) ಫ್ಲ್ಯಾಟ್ ಟ್ಯಾಪೆಟ್, ಅಂದ್ರೆ ರೋಲರ್ ಇಲ್ಲದ್ದು; ಟ್ಯಾಪೆಟ್ 0.050 ಇಂಚು ಎದ್ದಲ್ಲಿ ಅಳೆದ ಅವಧಿ ಇಂಟೇಕ್/ಎಗ್ಸಾಸ್ಟ್ 204/214 ಡಿಗ್ರಿ, ವಾಲ್ವ್ ಲಿಫ್ಟ್ (ತೆರೆಯೋ ಎತ್ತರ) 0.420/0.443 ಇಂಚು. ಟ್ರೈಲರ್ ಎಳೆಯೋ ಗಾಡಿ, 87 ಆಕ್ಟೇನ್ ಪೆಟ್ರೋಲು, 5000 ಆರ್‌ಪಿಎಂ ದಾಟೋದಿಲ್ಲ. ಡೈ ಗ್ರೈಂಡರ್ ಇದೆ, ವಾಲ್ವ್ ಸೀಟ್ ಕತ್ತರಿಸೋ ಮೆಷಿನ್ ಇಲ್ಲ. 882ನ್ನೇ ಉಜ್ಜಿ ಪೋರ್ಟ್ (ಗಾಳಿ ಹಾಯೋ ದಾರಿ ಸರಿ) ಮಾಡೋದಾ, 906 ತಗೊಳ್ಳೋದಾ? 906 ಆದ್ರೆ ಮನೆಯಲ್ಲಿ ಏನು ಮಾಡಬಹುದು, ಅಂಗಡಿಗೆ ಏನು ಕೊಡಬೇಕು?

ಕಬ್ಬಿಣದ_ಹೆಡ್

882ಕ್ಕೆ ಒಂದು ಪೈಸೆನೂ ಹಾಕಬೇಡಿ ಸಾರ್. ತೆಳು ಎರಕ, ಬಿರುಕಿಗೆ ಹೆಸರುವಾಸಿ. ಎಷ್ಟು ಉಜ್ಜಿದ್ರೂ 76 ಸೀಸಿ ಚೇಂಬರ್ 76 ಸೀಸಿನೇ.

ನೀವು ಕೊಟ್ಟ ಅಳತೆಗೆ ಲೆಕ್ಕ ಹಾಕಿದೆ. 4.030 ಬೋರ್, 3.48 ಸ್ಟ್ರೋಕ್ ಅಂದ್ರೆ ಒಂದು ಸಿಲಿಂಡರ್‌ಗೆ 727 ಸೀಸಿ. ಡೆಕ್ ಸಂದಿನಲ್ಲಿ 5.2 ಸೀಸಿ, 28 ಥೌ ಗ್ಯಾಸ್ಕೆಟ್‌ನಲ್ಲಿ 6.1 ಸೀಸಿ. 882 ಇಟ್ಟರೆ ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿಯನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) 8.3. 64 ಸೀಸಿ ವೋರ್ಟೆಕ್ ಇಟ್ಟರೆ 9.3. ಬ್ಲಾಕ್ ಮುಟ್ಟದೆ ಪೂರ್ತಿ ಒಂದು ಪಾಯಿಂಟ್ ಬಂತು. ಗ್ಯಾಸ್ಕೆಟ್ ಮಾತ್ರ 28 ಥೌದೇ ಇರಲಿ. 39 ಥೌದು ಹಾಕಿದ್ರೆ ಕಂಪ್ರೆಷನ್ 9.1ಕ್ಕೆ ಇಳಿಯೋದು ದೊಡ್ಡ ವಿಷಯ ಅಲ್ಲ, ಆದ್ರೆ ಪಿಸ್ಟನ್‌ಗೂ ಹೆಡ್‌ಗೂ ಸಂದು 53 ಥೌ ಇದ್ದದ್ದು 64 ಥೌ ಆಗುತ್ತೆ. ಸಂದು ಹೆಚ್ಚಿದಷ್ಟೂ ಎಳೆತದಲ್ಲಿ ನಾಕಿಂಗ್ (ಪೆಟ್ರೋಲು ತಾನಾಗೇ ಹತ್ತಿ ಟಕಟಕ ಬಡಿಯೋದು) ಬೇಗ ಶುರುವಾಗುತ್ತೆ.

ಹೆಡ್ ಬೆಲೆ ನೋಡಿ ಖುಷಿಪಡೋ ಮುಂಚೆ ಜೊತೆಗೆ ಬರೋ ಖರ್ಚು ನೋಡಿ. ಹಳೇ 12 ಬೋಲ್ಟ್‌ನ ಇಂಟೇಕ್ ಮ್ಯಾನಿಫೋಲ್ಡ್ ಕೂರಲ್ಲ, ವೋರ್ಟೆಕ್‌ದು 8 ಬೋಲ್ಟು, ನೆಟ್ಟಗೆ ಇಳಿಯುತ್ತವೆ. ಆ ಬೋಲ್ಟ್‌ಗಳನ್ನ 11 ಅಡಿ-ಪೌಂಡ್‌ಗಿಂತ ಹೆಚ್ಚು ಬಿಗಿ ಮಾಡಬಾರದು. ಅಂಚಿನಲ್ಲಿ ಬೋಲ್ಟ್ ಇರೋ ವಾಲ್ವ್ ಕವರ್ ಕೂರಲ್ಲ, ನಡುವೆ ಬೋಲ್ಟ್ ಇರೋದು ಬೇಕು. ಹಳೇ ರಾಕರ್ (ವಾಲ್ವ್ ಒತ್ತೋ ತೋಳು) ಕೂಡ ನಡೆಯಲ್ಲ: ವೋರ್ಟೆಕ್‌ನಲ್ಲಿ ಪುಷ್‌ರಾಡ್ (ಕ್ಯಾಮ್ ಕಡೆಯಿಂದ ರಾಕರ್ ತಳ್ಳೋ ಕಡ್ಡಿ) ತೂತು ಅಗಲ, ಪುಷ್‌ರಾಡನ್ನ ಅದು ಹಿಡಿದು ನಿಲ್ಲಿಸಲ್ಲ. ಸೆಲ್ಫ್ ಅಲೈನಿಂಗ್ ರಾಕರ್ ಹಾಕದಿದ್ರೆ ರಾಕರ್ ವಾಲ್ವ್ ತುದಿಯಿಂದ ಪಕ್ಕಕ್ಕೆ ಜಾರುತ್ತೆ. ಇಂಟೇಕ್ ಕೆಳಗೆ ಎಗ್ಸಾಸ್ಟ್ ಬಿಸಿ ಹಾಯೋ ದಾರಿನೂ ಇಲ್ಲ, ಹಾಗಾಗಿ ಆ ಬಿಸಿಯಿಂದ ನಡೆಯೋ ಚೋಕ್ ಇದ್ರೆ ಕೆಲಸ ಮಾಡಲ್ಲ, ಎಲೆಕ್ಟ್ರಿಕ್ ಚೋಕ್ ಹಾಕಿಸಿ.

ಥೌ_ಲೆಕ್ಕ

ಮೇಲಿನದಕ್ಕೆ ಸೇರಿಸ್ತೀನಿ. ದುಡ್ಡು ಕೊಡೋ ಮುಂಚೆ ಎರಡೂ ಹೆಡ್ ಬಿರುಕು ಪರೀಕ್ಷೆ ಆಗಬೇಕು, ಇಲ್ಲಾಂದ್ರೆ ಸರಿ ಇಲ್ಲದಿದ್ರೆ ವಾಪಸ್ ತಗೋತೀನಿ ಅನ್ನೋ ಮಾತು ಆಗಬೇಕು. ಒಮ್ಮೆ ಬಿಸಿ ಏರಿದ ವೋರ್ಟೆಕ್ ಬಿರುಕು ಬಿಡೋದು ಹೆಚ್ಚಾಗಿ ಎಗ್ಸಾಸ್ಟ್ ಸೀಟ್ ಹತ್ತಿರ ಮತ್ತು ಎರಡು ಸೀಟ್ ನಡುವೆ. ಕಾರ್ಬನ್ ಮೆತ್ತಿಕೊಂಡಿದ್ರೆ ಕಣ್ಣಿಗೆ ಕಾಣಲ್ಲ. ತೊಳೆಸಿ, ಮ್ಯಾಗ್ನಾಫ್ಲಕ್ಸ್ (ಅಯಸ್ಕಾಂತದಿಂದ ಬಿರುಕು ಹುಡುಕೋ ಪರೀಕ್ಷೆ) ಮಾಡಿಸಿ, ಪ್ರೆಷರ್ ಟೆಸ್ಟೂ ಮಾಡಿಸಿ.

ಆಮೇಲೆ ಲಿಫ್ಟ್. ಜನ ಎಡವೋದು ಇಲ್ಲೇ. ಲಿಫ್ಟ್ ಜಾಸ್ತಿಯಾದ್ರೆ ಕಂಪನಿ ರಿಟೇನರ್ (ವಾಲ್ವ್ ಸ್ಪ್ರಿಂಗ್ ಹಿಡಿಯೋ ತಟ್ಟೆ) ಕೆಳಗೆ ಬರುವಾಗ ಗೈಡ್ (ವಾಲ್ವ್ ಕಡ್ಡಿ ಜಾರೋ ಕೊಳವೆ) ಮೇಲಿನ ಎಣ್ಣೆ ಸೀಲ್‌ಗೆ ತಾಗುತ್ತೆ. ನಿಮ್ಮ ಇಂಟೇಕ್ ಲಿಫ್ಟ್ 0.420 ಸಾಮಾನ್ಯವಾಗಿ ಪಾಸ್. ಎಗ್ಸಾಸ್ಟ್ 0.443 ಗಡಿಯಲ್ಲಿದೆ. ಯಾರೋ ಬರೆದ ನಂಬರ್ ನಂಬಬೇಡಿ, ಅಳೆಯಿರಿ:

ಸ್ಪ್ರಿಂಗ್ ತೆಗೆದು, ಹೊಸ ಸೀಲ್ ಕೂರಿಸಿ, ವಾಲ್ವ್‌ಗೆ ರಿಟೇನರ್ ಮತ್ತು ಅದನ್ನ ವಾಲ್ವ್‌ಗೆ ಹಿಡಿಸೋ ಲಾಕ್ ಹಾಕಿ. ವಾಲ್ವ್ ಸೀಟ್ ಮೇಲೆ ಕೂತಿರುವಾಗ ರಿಟೇನರ್ ಅಡಿಯಿಂದ ಸೀಲ್ ತಲೆಗೆ ಎಷ್ಟು ಅಂತ ಕ್ಯಾಲಿಪರ್ ಹಿಡಿದು ನೋಡಿ. ಅದರಲ್ಲಿ 50 ಥೌ ಕಳೆಯಿರಿ, ಉಳಿದದ್ದು ನಿಮ್ಮ ಲಿಫ್ಟ್ ಮಿತಿ. ಹದಿನಾರೂ ಅಳೆಯಿರಿ, ಒಂದರಂತೆ ಒಂದು ಇರಲ್ಲ. 0.443 ಲಿಫ್ಟ್‌ಗೆ 0.493 ಜಾಗ ಬೇಕು. ಸಾಲದಿದ್ರೆ ಸೀಲ್ ಪುಡಿಯಾಗಿ ಹೊಗೆ ಶುರು, ಇನ್ನೂ ಹೆಚ್ಚು ತಾಗಿದ್ರೆ ಲಾಕ್ ಸಡಿಲವಾಗಿ ವಾಲ್ವ್ ಸಿಲಿಂಡರ್ ಒಳಗೆ ಬೀಳುತ್ತೆ.

ಸಾಲದಿದ್ರೆ ಎರಡು ದಾರಿ. ಗೈಡ್ ಮೂತಿಯನ್ನ ಸ್ವಲ್ಪ ಗಿಡ್ಡ ಮಾಡೋ ಕಟ್ಟರ್ ಸಿಗುತ್ತೆ, ಕೈ ಡ್ರಿಲ್‌ಗೆ ಹಾಕೋದು, ಅದರ 11/32 ಇಂಚಿನ ಪೈಲಟ್ (ಕಟ್ಟರನ್ನ ನೇರ ಹಿಡಿಯೋ ಕಡ್ಡಿ) ಗೈಡ್ ಒಳಗೆ ಕೂರುತ್ತೆ. ಸೀಲ್ ಅಳತೆ ನೋಡಿ 0.530 ಅಥವಾ 0.500 ಕಟ್ಟರ್ ತಗೊಳ್ಳಿ. ಎಣ್ಣೆ ಹಾಕಿ, ನಿಧಾನ ವೇಗದಲ್ಲಿ, ಆಗಾಗ ನಿಲ್ಲಿಸಿ ಅಳೆದು. ಚೂರು ಒಳಗೆ ಉಳಿದ್ರೆ ಗೈಡ್ ಗೀರುತ್ತೆ. ಇನ್ನೊಂದು ದಾರಿ ಬೀಹೈವ್ ಸ್ಪ್ರಿಂಗ್ (ಮೇಲಕ್ಕೆ ಹೋದಂತೆ ಕಿರಿದಾಗೋದು): ರಿಟೇನರ್ ಚಿಕ್ಕದು, ಹಗುರ, ಮೇಲೆ ಕೂರುತ್ತೆ. ಕಂಪನಿ ಸ್ಪ್ರಿಂಗ್ 1.70 ಇಂಚು ಎತ್ತರದಲ್ಲಿ 80 ಪೌಂಡ್ ಆಸುಪಾಸು. ನಿಮ್ಮ ಕ್ಯಾಮ್‌ಗೆ ಸೀಟ್ ಮೇಲೆ 100–110 ಪೌಂಡ್ ಸಾಕು. ರೇಸ್ ಸ್ಪ್ರಿಂಗ್ ಹಾಕಿದ್ರೆ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್‌ನ ಲೋಬ್ (ವಾಲ್ವ್ ಎತ್ತೋ ಉಬ್ಬು) ಮೊದಲ ಅರ್ಧ ಗಂಟೆಯಲ್ಲೇ ಸವೆದು ಹೋಗಬಹುದು.

ಸಿ10_ಸವಾರ

ಇದು ಗೊತ್ತಿರಲಿಲ್ಲ, ಅಳೀತೀನಿ. ಈ ಹೆಡ್‌ನ ರಾಕರ್ ಸ್ಟಡ್ (ರಾಕರ್ ಕೂರೋ ಗೂಟ) ಒತ್ತಿ ಕೂರಿಸಿದ್ದು, ತಿರುಪಿ ಕೂರಿಸೋ ಎಳೆ ಸ್ಟಡ್ ಹಾಕಿಸಬೇಕಾ? ಮತ್ತೆ ಗ್ರೈಂಡರ್ ವಿಷಯ ಯಾರೂ ಹೇಳಲಿಲ್ಲ.

ಲೇತ್_ಮೇಷ್ಟ್ರು

ಗ್ರೈಂಡರ್ ಕೊನೆಗೆ, ಅದಕ್ಕೇ ಯಾರೂ ಹೇಳಿಲ್ಲ.

ಅಂಗಡಿಗೆ ಕೊಡೋದು ಸೀಟು ಮತ್ತು ಗೈಡು. ಗೈಡ್ ಆಟ ಇಂಟೇಕ್‌ಗೆ 1ರಿಂದ 3 ಥೌ ಒಳಗಿದ್ರೆ ಸರಿ, ಎಗ್ಸಾಸ್ಟ್‌ಗೆ ಸ್ವಲ್ಪ ಹೆಚ್ಚು ನಡೆಯುತ್ತೆ. 5 ಥೌ ಮುಟ್ಟಿದ್ರೆ ಕಂಚಿನ ಲೈನರ್ ಹಾಕಿಸಿ. ಗೈಡ್ ಸಡಿಲ ಇಟ್ಟುಕೊಂಡು ಸೀಟ್ ಕೆಲಸ ಮಾಡಿಸೋದು ದುಡ್ಡು ದಂಡ, ವಾಲ್ವ್ ಪ್ರತಿಸಲ ಬೇರೆ ಜಾಗದಲ್ಲಿ ಕೂರುತ್ತೆ. ಸೀಟ್ ಮೂರು ಕೋನದ್ದು, 30-45-60. ಇಂಟೇಕ್‌ನಲ್ಲಿ 45ರ ಅಗಲ 60 ಥೌ, ಎಗ್ಸಾಸ್ಟ್‌ನಲ್ಲಿ 80 ಥೌ. ಎಗ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನ ಸೀಟ್ ಮೂಲಕವೇ ಬಿಟ್ಟುಕೊಡಬೇಕು, ಟ್ರೈಲರ್ ಎಳೆಯೋ ಗಾಡಿಗೆ ಅದನ್ನ ಕಿರಿದು ಮಾಡಿಸಬೇಡಿ. ಇಂಟೇಕ್ ವಾಲ್ವ್ ಬೆನ್ನಿಗೆ 30 ಡಿಗ್ರಿಯ ಒಂದು ಕಟ್ ಕೊಡಿಸಿ, ಇಡೀ ಪಟ್ಟಿಯಲ್ಲಿ ಅಗ್ಗದ ಲಾಭ ಅದೇ. ಸೀಟ್ ಮೇಲ್ಮೈಗೆ ಮಾತ್ರ ಗಡಸು ಕೊಟ್ಟಿರಬಹುದು, ಹಾಗಾಗಿ "ಎಷ್ಟು ಕಡಿಮೆ ಆಗುತ್ತೋ ಅಷ್ಟೇ ತೆಗೆಯಿರಿ" ಅಂತ ಬಾಯಿ ಬಿಟ್ಟು ಹೇಳಿ. ಆಳಕ್ಕೆ ಹೋದ್ರೆ ಮೆದು ಕಬ್ಬಿಣ ಸಿಗುತ್ತೆ, ಭಾರ ಎಳೆದಾಗ ವಾಲ್ವ್ ಒಳಕ್ಕೆ ಇಳೀತಾ ಹೋಗುತ್ತೆ.

ಈಗ ಗ್ರೈಂಡರ್. ಸೀಟ್ ಕೆಲಸಕ್ಕೆ ಕೊಡೋ ಮುಂಚೆ ಉಜ್ಜಿ, ಆಮೇಲೆ ಅಲ್ಲ. ಸೀಟ್ ಮೇಲೆ ಕೆಲಸಕ್ಕೆ ಬಾರದ ಹಳೇ ವಾಲ್ವ್ ಕೂರಿಸಿ, ಪೋರ್ಟ್ ಕಡೆಯಿಂದ ಕಾರ್ಬೈಡ್ ಬರ್ (ಗ್ರೈಂಡರ್‌ಗೆ ಹಾಕೋ ಕೊರೆಯೋ ತುದಿ) ಹಿಡಿಯಿರಿ, ಬರ್ ಜಾರಿದ್ರೆ ಸೀಟ್ ಉಳಿಯುತ್ತೆ. ಸೀಟ್ ಕೆಳಗೆ ಬಟ್ಟಲಿನಲ್ಲಿ ಕಾರ್ಖಾನೆಯ ಕಟ್ಟರ್ ನಿಂತ ಕಡೆ ಒಂದು ಏಣು ಉಳಿದಿರುತ್ತೆ, ಬೆರಳು ಆಡಿಸಿದ್ರೆ ಉಗುರಿಗೆ ಸಿಕ್ಕುತ್ತೆ. ಗುರುತಿಗೆ ನೀಲಿ ಬಣ್ಣ ಬಳಿದು, ಆ ಏಣನ್ನ ಎರಕದ ಗೋಡೆಗೆ ಸಮ ಮಾಡಿ. ಅಷ್ಟೇ ಕೆಲಸ. ಗಂಟಲು (ಸೀಟ್ ಕೆಳಗಿನ ಕಿರಿದಾದ ಜಾಗ) ವಾಲ್ವ್ ವ್ಯಾಸದ 88 ಪರ್ಸೆಂಟ್ ಸುತ್ತಮುತ್ತ ಇರಲಿ: 1.94 ಇಂಟೇಕ್‌ಗೆ 1.71 ಇಂಚು, 1.50 ಎಗ್ಸಾಸ್ಟ್‌ಗೆ 1.32. 90 ದಾಟಿಸಿದ್ರೆ ಸೀಟ್ ಅಡಿಯ 60 ಡಿಗ್ರಿ ಕಟ್‌ಗೆ ಲೋಹವೇ ಉಳಿಯಲ್ಲ.

ಪೋರ್ಟ್ ನೆಲದಲ್ಲಿ ತಿರುವು ಇದೆಯಲ್ಲ, ಇಂಟೇಕ್‌ನಲ್ಲಿ ಅದಕ್ಕೆ ಬರ್ ಹಚ್ಚಬೇಡಿ. ವೋರ್ಟೆಕ್ ಚೆನ್ನಾಗಿ ಉಸಿರಾಡೋದೇ ಆ ತಿರುವಿನಿಂದ. 80 ನಂಬರ್ ಸ್ಯಾಂಡ್ ರೋಲ್‌ನಲ್ಲಿ ಎರಕದ ಗಂಟು ತೆಗೆದು ಬಿಡಿ. ಬಾಯಿಯನ್ನ ಗ್ಯಾಸ್ಕೆಟ್ ಅಳತೆಗೆ ಹಿಗ್ಗಿಸೋ ಚಟನೂ ಬೇಡ, 2000 ಆರ್‌ಪಿಎಂನಲ್ಲಿ ಟ್ರೈಲರ್ ಎಳೆಯುವಾಗ ಗಾಳಿಯ ವೇಗ ಬೇಕು. ಸಮಯ ಮಿಕ್ಕಿದ್ರೆ ಎಗ್ಸಾಸ್ಟ್ ಬಟ್ಟಲಿಗೆ ಕೊಡಿ, ಈ ಹೆಡ್‌ನ ಬಡ ಕಡೆ ಅದು. ಇಂಟೇಕ್ ಕನ್ನಡಿ ಹಾಗೆ ಹೊಳೀಬೇಕಾಗಿಲ್ಲ.

ಮುಗಿದ ಮೇಲೆ ಬಿಸಿ ಸೋಪು ನೀರಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿ.

ಕಬ್ಬಿಣದ_ಹೆಡ್

ಸ್ಟಡ್ ಬಗ್ಗೆ: 100–110 ಪೌಂಡ್ ಸ್ಪ್ರಿಂಗ್‌ಗೆ ಒತ್ತಿದ ಸ್ಟಡ್ ನಡೆಯುತ್ತೆ. ಎಲ್ಲಾ ಸ್ಟಡ್ ತಲೆ ಮೇಲೆ ನೇರ ಪಟ್ಟಿ ಇಟ್ಟು ನೋಡಿ, ಒಂದು ಎದ್ದು ನಿಂತಿದ್ರೆ ಅದು ಆಗಲೇ ಹೊರಗೆ ಬರ್ತಿದೆ ಅಂತ ಅರ್ಥ.

ಥೌ_ಲೆಕ್ಕ

ಒಪ್ಪಲ್ಲ. ಹೆಡ್ ಹೇಗೂ ಮೆಷಿನ್ ಮೇಲೆ ಹತ್ತಿರುತ್ತೆ, ಆಗಲೇ ಎಳೆ ಸ್ಟಡ್ ಹಾಕಿಸೋದು ವಾಸಿ. ಆದ್ರೆ ಗೈಡ್ ಪ್ಲೇಟ್ (ಪುಷ್‌ರಾಡನ್ನ ನೇರ ಹಿಡಿಯೋ ತಗಡು) ಹಾಕಿಸಿದ್ರೆ ಸೆಲ್ಫ್ ಅಲೈನಿಂಗ್ ರಾಕರ್ ತೆಗೆದು ಸಾದಾ ರಾಕರ್ ಹಾಕಬೇಕು, ಪುಷ್‌ರಾಡ್ ಗಡಸು ಮಾಡಿದ್ದಿರಬೇಕು. ಎರಡೂ ಒಟ್ಟಿಗಿದ್ರೆ ಒಂದಕ್ಕೊಂದು ಜಗ್ಗಾಡಿ ವಾಲ್ವ್ ತುದಿ ತಿಂದುಹಾಕುತ್ತವೆ.

ಸೆಲ್ಫ್ ಅಲೈನಿಂಗ್‌ನಲ್ಲೇ ಇರೋದಾದ್ರೆ ಇನ್ನೊಂದು ಜಾಗ ನೋಡಿ. ರಾಕರ್ ಮೂತಿಯ ಎರಡು ಕಿವಿ ವಾಲ್ವ್ ತುದಿಯನ್ನ ಅಪ್ಪಿಕೊಂಡು ಕೆಳಗೆ ಇಳಿದಿರುತ್ತವೆ. ಅಂಗಡಿಯವರು ವಾಲ್ವ್ ತುದಿಯನ್ನ ಜಾಸ್ತಿ ಉಜ್ಜಿದ್ದರೆ ಆ ಕಿವಿ ರಿಟೇನರ್ ಮೇಲೆ ಕೂತು ಲಾಕ್ ಬಿಡಿಸುತ್ತೆ. ವಾಲ್ವ್ ಮುಚ್ಚಿದಾಗಲೂ ಪೂರ್ತಿ ತೆರೆದಾಗಲೂ ಟಾರ್ಚ್ ಹಿಡಿದು ಬೆಳಕು ಕಾಣುತ್ತಾ ನೋಡಿ.

ಸಿ10_ಸವಾರ

ಸರಿ, ಸ್ಟಡ್ ಹಾಗೇ ಬಿಡ್ತೀನಿ, ಪಟ್ಟಿ ಇಟ್ಟು ನೋಡಿ ಮುಂದಿನ ಮಾತು. ಹಳೇ ಹೆಡ್ ಬೋಲ್ಟ್ ಆಗುತ್ತಾ? ಟೈಮಿಂಗ್ (ಕಿಡಿ ಎಷ್ಟು ಮುಂಚೆ ಹಾರುತ್ತೆ ಅನ್ನೋದು) ಹಳೇದೇ ಇಡಬಹುದಾ?

ಲೇತ್_ಮೇಷ್ಟ್ರು

ಎಳೆ ಚೆನ್ನಾಗಿದ್ರೆ ಆಗುತ್ತೆ. ಈ ಬ್ಲಾಕ್‌ನಲ್ಲಿ ಬೋಲ್ಟ್ ತೂತು ನೀರಿಗೆ ತೆರೆದುಕೊಳ್ಳುತ್ತೆ, ಎಳೆಗೆ ಸೀಲರ್ ಹಚ್ಚದಿದ್ರೆ ಕೂಲಂಟ್ ಬೋಲ್ಟ್ ಹಿಡಿದು ಮೇಲೇರಿ ಆಯಿಲ್‌ಗೆ ಬೀಳುತ್ತೆ. ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ 65 ಅಡಿ-ಪೌಂಡ್. ಹಳೇ ಹೆಡ್‌ಗೆ ಒಟ್ಟು ಟೈಮಿಂಗ್ 36 ಡಿಗ್ರಿ ಇಟ್ಟಿದ್ರೆ ಇದಕ್ಕೆ 32ರಿಂದ ಶುರು ಮಾಡಿ, ಈ ಚೇಂಬರ್ ಬೇಗ ಉರಿಯುತ್ತೆ. ಏರಿನಲ್ಲಿ ಟಕಟಕ ಕೇಳಿಸಿದ್ರೆ 2 ಡಿಗ್ರಿ ಹಿಂದಕ್ಕೆ.