ಕಾಳಜಿ ಕೇಂದ್ರದಾಗ ಮಕ್ಕಳ ಜವಾಬ್ದಾರಿ: ಹುಡುಗ್ರಿಗೆ ಮೊದಲು ಏನು ಕಲಸ್ಬೇಕು?

ಪ್ರಶ್ನೆ: ಜೇವರ್ಗಿ ಮಾಸ್ತರ್

ಎಲ್ಲಾರಿಗೂ ಶರಣ್ರೀ. ಹೊಳಿ ಬಂದ್ರ ನಮ್ಮ ಶಾಲಿನೇ ಕಾಳಜಿ ಕೇಂದ್ರ, ಅಂದ್ರ ಮನಿ ಬಿಟ್ಟು ಬಂದೋರು ಇರೋ ಜಾಗ ಆಗ್ತದ. ಈ ಸಲ ಹದಿನೈದು ಮಂದಿ ಕಾಲೇಜ್ ಹುಡುಗ್ರು ಕೆಲಸಕ್ಕ ಬರ್ತೀವಿ ಅಂದಾರ. ಊಟ ಬಡಸೋದು, ಚಾದರ ಹಂಚೋದು ಅವರಿಗೆ ಹೇಳಿಕೊಡೋದು ಬ್ಯಾಡ. ನನಗ ಚಿಂತಿ ಇರೋದು ಮನಿ ಬಿಟ್ಟು ಬಂದ ಕೂಸುಗಳದು. ಅರ್ಧ ದಿನ ತರಬೇತಿ ಇಟ್ಕೊಂಡೀನಿ. ಏನು ಹೇಳ್ಲಿ?

ಅಫಜಲಪುರ ಕಡಿ ಅಂಗನವಾಡಿ ಕಾರ್ಯಕರ್ತೆ

ಸರ್, 2020ರ ಅಕ್ಟೋಬರ್‌ದಾಗ ಮಹಾರಾಷ್ಟ್ರದ ಉಜನಿ ಡ್ಯಾಮ್ ನೀರು ಬಿಟ್ಟು ಭೀಮಾ ಹೊಳಿ ಉಕ್ಕಿದಾಗ ನಾ ಕೇಂದ್ರದಾಗ ಇದ್ದೆ. ಸಂಜಿಮುಂದ ಒಬ್ಬಾವ ಬಂದು ಎಂಟು ವರ್ಷದ ಹುಡುಗಿ ಕೈ ಹಿಡದು, 'ನಾ ಇಕಿ ಸ್ವಾದರಮಾವ, ಕರ್ಕೊಂಡು ಹೋಗ್ತೀನಿ' ಅಂದ. ಹುಡುಗಿ ಸುಮ್ನ ಎದ್ದಳು. ಬಗಲಾಗ ತೊಯ್ದ ಪಾಟಿಚೀಲ, ಕಾಲಾಗ ಒಂದೊಂದು ಬಣ್ಣದ ಚಪ್ಪಲಿ. ನಾ ರೊಟ್ಟಿ ಎಣಸ್ಲತ್ತಿದ್ದೆ, ಆಯ್ತಂದೆ. ಅವ್ವ ಎಮ್ಮಿ ನೋಡ್ಲಕ್ಕ ದಿಬ್ಬದ ಕಡಿ ಹೋಗಿದ್ದಳು. ಬಂದು ಖೋಲಿ ಖೋಲಿ ಹುಡುಕಿದಳು, ಕಡೀಕ ಕತ್ತಲದಾಗ ಹೊಳಿ ದಂಡಿಗೆ ಓಡಿದಳು. ನಾವು ನಾಲ್ಕು ಮಂದಿ ಹಿಡದು ತಂದೀವಿ. ರಾತ್ರಿ ಎರಡಕ್ಕ ಫೋನ್ ಹತ್ತಿತು. ಅವ ಖರೇನೇ ಸ್ವಾದರಮಾವ, ಹುಡುಗಿ ಅವರ ಮನ್ಯಾಗ ಮಲಗಿತ್ತು. ತಪ್ಪು ನನ್ನದು, ನಾ ಒಂದು ಅಕ್ಷರ ಬರಕೊಂಡಿರಲಿಲ್ಲ.

ಅದಕ್ಕ ಮೊದಲು ಬಾಗಿಲದಾಗ ಒಂದು ನೋಟ್‌ಬುಕ್ ಇಡ್ಲಕ್ಕ ಕಲಸ್ರಿ. ಕೂಸು ಯಾರ ಜೋಡಿ ಬಂತು, ಯಾರ ಜೋಡಿ ಹೋಯ್ತು, ಎಷ್ಟೊತ್ತಿಗೆ, ಮೊಬೈಲ್ ನಂಬರ್, ಸಹಿ ಇಲ್ಲಾ ಹೆಬ್ಬೆಟ್ಟು. ಬೀಗರು ಬಂದ್ರೂ ಅಷ್ಟೇ: ಕೂಸಿಗೆ ಬ್ಯಾರೆ ಕೂಡಿಸಿ ಕೇಳ್ರಿ, ತಾಯಿ-ತಂದಿ ಹೂಂ ಅಂದ ಮ್ಯಾಲೇ ಕಳಸ್ರಿ. ಯಾರೂ ಇಲ್ಲದ ಕೂಸು ಸಿಕ್ರ ಪಾಪ ಅಂತ ನಮ್ಮ ಮನಿಗೆ ಒಯ್ಯಬಾರದು. ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಚಬೇಕು. 24 ತಾಸಿನಾಗ ಮಕ್ಕಳ ಕಲ್ಯಾಣ ಸಮಿತಿ ಮುಂದ ಹಾಜರು ಮಾಡಬೇಕಂತ ಕಾಯ್ದೆನೇ ಅದ.

ಕಲಬುರಗಿ ವಕೀಲ

ಅಕ್ಕೋರು ಹೇಳಿದ್ದು ಸರಿ. ಇನ್ನೊಂದು ಮಾತು. ಯಾರೋ ಮೈ ಮುಟ್ಟಿದರು ಅಂತ ಮಗು ಹೇಳಿಕೊಂಡರೆ 'ಯಾರ ಮುಂದೂ ಹೇಳಲ್ಲ' ಎಂದು ಮಾತು ಕೊಡಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಗು ಆಡಿದ ಮಾತನ್ನು ಹಾಗೇ ಬರೆದಿಟ್ಟುಕೊಳ್ಳಿ, ನೀವೇ ವಿಚಾರಣೆಗೆ ಕೂಡಬೇಡಿ. ನಾಲ್ಕು ಜನ ನಾಲ್ಕು ಸಲ ಕೇಳಿದರೆ ಐದನೇ ಸಲಕ್ಕೆ ಮಗು ಬಾಯಿಯೇ ಬಿಡುವುದಿಲ್ಲ. ಮಕ್ಕಳ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದನ್ನೂ ಮೊದಲ ದಿನವೇ ನಿಲ್ಲಿಸಿ.

ಯಾದಗಿರಿ ಆಶಾ

ಪಾಯಖಾನಿ ಕಡಿ ಲೈಟ್ ಹಾಕಸ್ರಿ ಸರ್. ರಾತ್ರಿ ಹುಡುಗ್ಯಾರು ಹೋಗ್ಲಕ್ಕ ಅಂಜಿ ಸಂಜಿಂದ ನೀರೇ ಕುಡಿಯಂಗಿಲ್ಲ. ಜೋಡಿಗೆ ಇಬ್ಬರು ಹೆಣ್ಮಕ್ಕಳು ಇರ್ಲಿ. ಮತ್ತ ಕೇಂದ್ರದಾಗ ಕುಂತಲ್ಲೇ ಹುಡುಗಿ ಲಗ್ನದ ಮಾತು ನಡೀತಾವ, 'ಮನಿ ಹೋಯ್ತು, ಇಕಿನ್ನ ದಾಟಿಸಿಬಿಡಮ್' ಅಂತ. ಕಿವಿಗೆ ಬಿದ್ರ ಅದಕ್ಕೂ 1098ನೇ.

ಜೇವರ್ಗಿ ಮಾಸ್ತರ್

ಪಾಯಖಾನಿ ಲೈಟಿಂದು ನನ್ನ ತಲ್ಯಾಗೇ ಇರ್ಲಿಲ್ಲ, ಇವತ್ತೇ ಪಂಚಾಯ್ತಿಗೆ ಹೋಗ್ತೀನಿ. ಅಕ್ಕೋರೆ, ರಾತ್ರಿ ನೋಟ್‌ಬುಕ್ ಯಾರ ಕೈಯಾಗ ಇರಬೇಕು?

ಅಫಜಲಪುರ ಕಡಿ ಅಂಗನವಾಡಿ ಕಾರ್ಯಕರ್ತೆ

ಇಬ್ಬಿಬ್ಬರು ಪಾಳಿ ಹಚ್ರಿ, ಒಬ್ಬರನ್ನೇ ಬಿಡಬ್ಯಾಡ್ರಿ. ತರಬೇತಿ ಯಾವಾಗ ಅಂತ ಹೇಳ್ರಿ, ನಾನೇ ಬರ್ತೀನಿ. ಆ ವರ್ಷದ ನೋಟ್‌ಬುಕ್ ನನ್ನ ಹಂತ್ಯಾಕ ಅದ, ಹೆಸರು ಮುಚ್ಚಿ ತೋರಸ್ತೀನಿ. ಅದು ಸುರು ಆಗಿದ್ದು ಮರುದಿನ ಮುಂಜಾನಿ ಆರಕ್ಕ.