ಬೋರ್ ನೀರಿನಲ್ಲಿ ಮೊಟ್ಟೆ ಯಾಕೆ ತೇಲಲಿಲ್ಲ?

ಪ್ರಶ್ನೆ: ಸರ್ ನಮಸ್ಕಾರ, ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ಮಗಳ ಶಾಲೆಯಲ್ಲಿ ಉಪ್ಪು ನೀರಿನಲ್ಲಿ ಮೊಟ್ಟೆ ತೇಲಿಸಿ ತೋರಿಸಿದರಂತೆ. "ನಮ್ಮ ಬೋರ್ ನೀರೂ ಉಪ್ಪೇ ಅಲ್ವಾ ಅಮ್ಮ?" ಅಂತ ಮನೆಗೆ ಬಂದವಳೇ ಚೊಂಬಿಗೆ ಮೊಟ್ಟೆ ಬಿಟ್ಟಳು. ತಳಕ್ಕೆ ಹೋಗಿ ಕೂತಿತು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಹೇಳುವ ಟಿಡಿಎಸ್ ಮೀಟರ್ 1400 ತೋರಿಸುತ್ತದೆ. ಈ ನೀರಿನಲ್ಲಿ ತೊಗರಿಬೇಳೆಯೂ ಬೇಗ ಬೇಯುವುದಿಲ್ಲ. ಉಪ್ಪು ನೀರು ಕುದಿಯುವುದು ತಡ ಅಂತಾರೆ, ಅದಕ್ಕೇನಾ?

ಉತ್ತರ (ನೀರು ಪರೀಕ್ಷೆಯ ಕೆಮಿಸ್ಟ್): ಮಗಳು ಕೇಳಿದ್ದನ್ನು ಸುಮ್ನೆ ನಂಬದೆ ಮಾಡಿ ನೋಡಿದಳಲ್ಲ, ತುಂಬಾ ಖುಷಿಯಾಯಿತು ಮೇಡಂ.

1400 ಅಂದರೆ ಲೀಟರಿಗೆ 1.4 ಗ್ರಾಂ ಲವಣ, ಹೆಚ್ಚುಕಡಿಮೆ ಕಾಲು ಟೀ ಚಮಚ. ಸಮುದ್ರದ ನೀರಿನಲ್ಲಿ ಇದು ಸುಮಾರು 35 ಗ್ರಾಂ. ಒಂದು ಲೀಟರ್ ಸಿಹಿ ನೀರು 1 ಕಿಲೋ ತೂಗಿದರೆ ಸಮುದ್ರದ ನೀರು 25 ಗ್ರಾಂನಷ್ಟು ಜಾಸ್ತಿ ತೂಗುತ್ತದೆ. ನಿಮ್ಮ ಬೋರ್ ನೀರು ಒಂದೇ ಗ್ರಾಂ ಜಾಸ್ತಿ. ತಾಜಾ ಮೊಟ್ಟೆಯೋ, ಅಷ್ಟೇ ಜಾಗದ ನೀರಿಗಿಂತ ನೂರಕ್ಕೆ ಏಳೆಂಟು ಪಾಲು ಭಾರ. ಸಮುದ್ರದಲ್ಲೂ ಅದು ಮುಳುಗುತ್ತದೆ! ಅರ್ಧ ಲೀಟರ್ ನೀರಿಗೆ 70 ಗ್ರಾಂ ಪುಡಿ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತಾ ಹೋಗಿ. ಮೊದಲು ಮೊಟ್ಟೆಯ ದಪ್ಪ ತುದಿ ಮೇಲೆ ತಿರುಗುತ್ತದೆ, ಗಾಳಿ ಇರುವುದು ಅಲ್ಲೇ. ಆಮೇಲೆ ಇಡೀ ಮೊಟ್ಟೆ ಮೆಲ್ಲಗೆ ತಳ ಬಿಡುತ್ತದೆ. ಮಗಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.

ಬೇಳೆಗೆ ಕಾರಣ ಕುದಿ ಅಲ್ಲ. ಕೋಲಾರದ ಕಡೆ ನಾವು 800 ಮೀಟರ್‌ಗಿಂತ ಎತ್ತರದಲ್ಲಿದ್ದೇವೆ, ಇಲ್ಲಿ ಎಂಥ ನೀರೂ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸಮುದ್ರದಷ್ಟು ಉಪ್ಪಿದ್ದರೂ ಅರ್ಧ ಡಿಗ್ರಿ ಏರೀತು, ಅಷ್ಟೆ. ತೊಂದರೆ ಗಡಸುತನದ್ದು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯನ್ನು ಒಳಗಿನಿಂದ ಹಿಡಿದಿಡುವ ಅಂಟು, ಅಂದರೆ ಪೆಕ್ಟಿನ್ ಅನ್ನು ಬಿಗಿ ಮಾಡುತ್ತವೆ, ಬೇಳೆ ಒಡೆಯುವುದೇ ಇಲ್ಲ. ಸೋಪು ನೊರೆ ಬಾರದಿರುವುದು, ಗೀಸರ್ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುವುದು, ಎಲ್ಲ ಇದರಿಂದಲೇ. ಬೇಳೆಗೆ ಮಾತ್ರ ಕ್ಯಾನ್ ನೀರು ಹಾಕಿ. ಇಲ್ಲವಾದರೆ ನೀರನ್ನು ಮೊದಲೇ ಕುದಿಸಿ, ತಣ್ಣಗಾಗಲು ಬಿಟ್ಟು, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಗಡಸುತನದ ಒಂದಷ್ಟು ಭಾಗ ತಳದಲ್ಲಿ ಉಳಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಬೋರ್ ನೀರಿನ ಐಸ್ ನಡುವೆ ಬೆಳ್ಳಗಿರುತ್ತದೆ. ಉಪ್ಪಿಗಾ?

ಉತ್ತರ: ಉಪ್ಪೂ ಇದೆ, ಗಾಳಿಯೂ ಇದೆ ಅಣ್ಣ. ನೀರು ಹೆಪ್ಪುಗಟ್ಟುವಾಗ ಎರಡನ್ನೂ ಒಳಕ್ಕೆ ತಳ್ಳುತ್ತದೆ. ಅಂಚು ತಿಳಿಯಾಗಿ ಗಟ್ಟಿಯಾಗುತ್ತದೆ, ತಳ್ಳಿದ್ದೆಲ್ಲ ನಡುವೆ ಸಿಕ್ಕಿಬೀಳುತ್ತದೆ. ಸಮುದ್ರದ ನೀರೂ ಹೀಗೇ, ಸುಮಾರು ಮೈನಸ್ 1.9 ಡಿಗ್ರಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ನಿಮ್ಮ ನೀರಿಗೆ ಸೊನ್ನೆಯೇ ಅನ್ನಬಹುದು.

ಮೊದಲು ಕೇಳಿದವರು: ಹಾಗಾದರೆ ತೂಕ, ಕುದಿ, ಐಸು, ಎಲ್ಲದರಲ್ಲೂ ಇದು ಸಿಹಿ ನೀರಿನ ಹಾಗೇ. ಮೀಟರ್ ಮಾತ್ರ ಅಷ್ಟು ಹೇಗೆ ತೋರಿಸುತ್ತೆ ಸರ್?

ಉತ್ತರ: ಮೀಟರ್ ಅಳೆಯುವುದು ಕರೆಂಟು ಹರಿಯುವುದನ್ನು ಮೇಡಂ. ಲವಣ ಚೂರು ಏರಿದರೂ ಅದು ಎದ್ದು ಕಾಣುತ್ತದೆ. ಕುಡಿಯಲು 500ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಎನ್ನುತ್ತದೆ ಭಾರತೀಯ ಮಾನಕ. ಆದರೆ ಯಾವ ಲವಣ ಎಷ್ಟು ಅಂತ ಮೀಟರ್ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಭಯ ಇರುವುದು ಫ್ಲೋರೈಡ್‌ಗೆ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ರುಚಿಯಿಲ್ಲ, ಬಣ್ಣವಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಮನೆಯಲ್ಲಿ ಮಗು ಇದೆ, ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಟ್ಟು ಫ್ಲೋರೈಡ್ ಪರೀಕ್ಷೆ ಅಂತಲೇ ಕೇಳಿ ಮಾಡಿಸಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.