ಫಿಟ್ಸ್ ಮಾತ್ರೆ, ಮೂಳೆ ಸವೆತ: ಅನುಭವ ಇದ್ದವರು ಹೇಳಿ

ಕೇಳಿದವರು, ಹುಬ್ಬಳ್ಳಿ: ನನಗೆ 26. ಹೈಸ್ಕೂಲಿನಿಂದ ಫಿಟ್ಸ್‌ಗೆ ಫೆನಿಟಾಯಿನ್ ತಗೋತಿದ್ದೇನೆ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಮುಂಗೈ ಮುರಿಯಿತು. ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಮೂಳೆ ಸಾಂದ್ರತೆ ಕಡಿಮೆ, ವಿಟಮಿನ್ ಡಿ ಬರೀ 11. ಮಾತ್ರೆಯಿಂದಲೇ ಹೀಗಾಗಿದೆ, ಬಿಟ್ಟುಬಿಡು ಅಂತ ಮನೆಯವರು ಹಟ ಹಿಡಿದಿದ್ದಾರೆ. ಏನು ಮಾಡಲಿ?

ಧಾರವಾಡ: ಮಾತ್ರೆ ಮಾತ್ರ ಬಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಕುತ್ತಾಗಬಹುದು. ಮನೆಯವರು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಇವೆಲ್ಲ ಲಿವರ್‌ನ ಕೆಲಸ ಚುರುಕು ಮಾಡುತ್ತವೆ. ಆಗ ವಿಟಮಿನ್ ಡಿ ಬೇಗ ಒಡೆದು ಖಾಲಿಯಾಗುತ್ತದೆ. ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ನನ್ನದೂ ಇದೇ ಕಥೆ. ನ್ಯೂರಾಲಜಿ ಡಾಕ್ಟರು ನಿಧಾನಕ್ಕೆ ಹಳೆಯದನ್ನು ಇಳಿಸುತ್ತಾ ಲೆವೆಟಿರಾಸಿಟಮ್ ಅನ್ನೋ ಬೇರೆ ಫಿಟ್ಸ್ ಮಾತ್ರೆ ಏರಿಸಿದರು. ಎಲ್ಲರಿಗೂ ಬದಲಾಯಿಸಲು ಆಗುವುದಿಲ್ಲ, ಆದರೆ ಕೇಳಿ ನೋಡಿ.

ರಿಪೋರ್ಟಿನಲ್ಲಿ ಟಿ ಸ್ಕೋರ್ ನೋಡಿ ಗಾಬರಿಯಾಗಬೇಡಿ. ಅದು ಮುಟ್ಟು ನಿಂತವರ ಲೆಕ್ಕ. ನಮ್ಮ ವಯಸ್ಸಿಗೆ ಝಡ್ ಸ್ಕೋರ್ ನೋಡಬೇಕು. ಅದು ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕಷ್ಟು ಮೂಳೆ ಇಲ್ಲ ಅಂತ ಅರ್ಥ.

ಇನ್ನೊಂದು, ಕ್ಯಾಲ್ಸಿಯಂ ಗುಳಿಗೆಯನ್ನು ಫೆನಿಟಾಯಿನ್ ಜೊತೆಗೇ ನುಂಗಬೇಡಿ. ಎರಡು ತಾಸಾದರೂ ಅಂತರ ಇರಲಿ, ಇಲ್ಲದಿದ್ದರೆ ಫಿಟ್ಸ್ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ವಾರಕ್ಕೊಂದು 60,000 ಯೂನಿಟ್ ಡಿ ಕೊಟ್ಟಿದ್ದರೆ ಊಟ ಆದಮೇಲೆ ತಗೊಳ್ಳಿ. ಕೋರ್ಸ್ ಮುಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುತ್ತಾ ಹೋದರೆ ಅದೂ ವಿಷವೇ.

ಗದಗ: ಊಟದ ಬಗ್ಗೆ ಹೇಳುತ್ತೇನೆ. ಹೆಂಗಸರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಕಡೆ ಮೂರು ಹೊತ್ತೂ ಜೋಳದ ರೊಟ್ಟಿ ಅಲ್ವಾ? ನೂರು ಗ್ರಾಂ ಜೋಳದಲ್ಲಿ 30 ಮಿಲಿಗ್ರಾಮೂ ಇಲ್ಲ! ಅಷ್ಟೇ ರಾಗಿಯಲ್ಲಿ ಸುಮಾರು 350 ಇದೆ. ರೊಟ್ಟಿ ಬಿಡಿ ಅಂತ ನಾನೇನು ಹೇಳಲ್ಲ, ಬಿಟ್ಟರೆ ನಮ್ಮವ್ವ ಮನೆಯೊಳಗೆ ಸೇರಿಸಲ್ಲ. ನಾನು ಬೆಳಿಗ್ಗೆ ರಾಗಿ ಅಂಬಲಿ ಕುಡಿಯುತ್ತೇನೆ, ರೊಟ್ಟಿ ಜೊತೆ ಗಟ್ಟಿ ಮೊಸರು, ಎಳ್ಳಿನ ಹಿಂಡಿ. ಎಳ್ಳನ್ನು ಸಿಪ್ಪೆ ಸಮೇತ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿಡಿ. ಸಿಪ್ಪೆ ತೆಗೆದ ಬಿಳಿ ಎಳ್ಳು ಬೇಡ, ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇರುತ್ತದೆ.

ಹಾವೇರಿ: ನನ್ನ ತಂಗಿಗೆ ಇದೇ ತೊಂದರೆ. ಬಚ್ಚಲಿನ ಚಿಲಕ ಒಳಗಿನಿಂದ ಹಾಕಬಾರದು ಅಂತ ಮಾಡಿದ್ದೇವೆ, ಬಾಗಿಲಿಗೆ ಟವೆಲ್ ಹಾಕಿದ್ದರೆ ಯಾರೋ ಒಳಗಿದ್ದಾರೆ ಅಂತ ಗೊತ್ತಾಗುತ್ತದೆ. ನಯವಾದ ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಸ್ಟೂಲ್. ಫಿಟ್ಸ್ ಬಂದಾಗ ಕೈಕಾಲು ಬಿಗಿಯಾಗಿ ಹಿಡಿಯಬೇಡಿ ಅಂತ ಮನೆಯಲ್ಲಿ ಹೇಳಿಡಿ, ಕೀಲಿಕೈ ಕೊಡಲು ಓಡಿಬರುವ ಪಕ್ಕದ ಮನೆಯವರಿಗೂ. ಒಂದು ಸಲ ಫಿಟ್ಸ್ ಆದಮೇಲೆ ಅವಳಿಗೆ ಬೆನ್ನು ನೋವು ಹೋಗಲೇ ಇಲ್ಲ. ಎಕ್ಸ್‌ರೇ ತೆಗೆಸಿದರೆ ಬೆನ್ನೆಲುಬಿನ ಒಂದು ಮಣಿ ಕುಸಿದಿತ್ತು. ಬಿದ್ದಿರಲಿಲ್ಲ, ಸ್ನಾಯು ಎಳೆದ ರಭಸಕ್ಕೇ ಹಾಗಾಗಿತ್ತು. ಅಂಥ ನೋವು ಇದ್ದರೆ ಝಂಡು ಬಾಮ್ ಹಚ್ಚಿ ಸುಮ್ಮನಿರಬೇಡಿ.

ಹುಬ್ಬಳ್ಳಿ, ವಿದ್ಯಾನಗರ: ಯಾರೂ ಹೇಳದ ವಿಷಯ. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಗರ್ಭನಿರೋಧಕ ಇಂಜೆಕ್ಷನ್ನೂ ಮೂಳೆ ಸಾಂದ್ರತೆ ಇಳಿಸುತ್ತದೆ. ಇತ್ತ ಫೆನಿಟಾಯಿನ್ ಇದ್ದರೆ ಗರ್ಭನಿರೋಧಕ ಗುಳಿಗೆಯ ಬಲ ಕಡಿಮೆಯಾಗುತ್ತದೆ. ಹಾಗಾಗಿ ಹೆರಿಗೆ ಡಾಕ್ಟರಿಗೆ ನಿಮ್ಮ ಮಾತ್ರೆ ಚೀಟಿ ತೋರಿಸಲೇಬೇಕು. ಮದುವೆ ಆಗಲ್ಲ ಅಂತ ಹೆದರಿಸುವವರಿಗೆ, ಮೂರ್ಛೆರೋಗ ಇದ್ದವರ ಮದುವೆಗಿದ್ದ ಅಡ್ಡಿಯನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದಿದ್ದಾರೆ ಅಂತ ಹೇಳಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಪ್ಲಾಸ್ಟರ್ ತೆಗೆದ ಮೇಲೆ ನೃಪತುಂಗ ಬೆಟ್ಟ ಹತ್ತಬಹುದಾ? ಬಿಸಿಲೂ ಸಿಗುತ್ತದಲ್ವಾ?

ಧಾರವಾಡ: ಡಾಕ್ಟರು ಹೂಂ ಅಂದಮೇಲೆ ಹತ್ತಿ, ಜೊತೆಗೆ ಯಾರಾದರೂ ಇರಲಿ. ಮೈಭಾರ ಕಾಲ ಮೇಲೆ ಬೀಳುವ ನಡಿಗೆ ಮೂಳೆಗೆ ಒಳ್ಳೆಯದು. ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟುವ ಆಸನ ಸದ್ಯಕ್ಕೆ ಬೇಡ. ಬೆಳಿಗ್ಗೆ ಆರರ ಎಳೆಬಿಸಿಲಿನಲ್ಲಿ ಡಿ ಏನೂ ಜಾಸ್ತಿ ಆಗಲ್ಲ, ಹನ್ನೊಂದರ ಮೇಲಿನ ಬಿಸಿಲು ಬೇಕು, ಅದೂ ಕಿಟಕಿ ಗಾಜಿನ ಹಿಂದೆ ಕೂತರೆ ಉಪಯೋಗವಿಲ್ಲ. ಆ ಹೊತ್ತಿಗೆ ಬೆಟ್ಟ ಬೇಡ, ಮನೆ ಅಂಗಳದಲ್ಲೇ ಮುಂಗೈ, ಕಾಲು ಬಿಸಿಲಿಗೆ ಬಿಟ್ಟು ಸ್ವಲ್ಪ ಹೊತ್ತು ಕೂತ್ಕೊಳ್ಳಿ.